ಉಬ್ಬುತಗ್ಗಿನ ಮೇಲ್ಮೈಯ ಹತ್ತಿ ಬಟ್ಟೆಗಳು: ಆಯ್ಕೆ, ಹೊಲಿಗೆ ಮತ್ತು ಗೃಹಬಳಕೆ

ಹತ್ತಿ ಬಟ್ಟೆಯ ಮೇಲೆ ಕೈಗೆ ತಾಕುವ ಸುಕ್ಕು, ಗೆರೆ ಅಥವಾ ಉಬ್ಬುತಗ್ಗುಗಳು ಮೂರು ಮೂಲಗಳಿಂದ ಉಂಟಾಗುತ್ತವೆ: ನೂಲು, ನೇಯ್ಗೆ ಮತ್ತು ನೇಯ್ದ ನಂತರದ ಸಂಸ್ಕರಣೆ. ಅಂಗಡಿಯಲ್ಲಿ ಒಂದೇ ರೀತಿ ಕಂಡರೂ ಮೊದಲ ಒಗೆತದ ನಂತರ ಇವುಗಳ ಸ್ವರೂಪ ಭಿನ್ನವಾಗುತ್ತದೆ. ಪರದೆ ಗಿಡ್ಡವಾಗುವುದು, ದಿಂಬಿನ ಹೊದಿಕೆ ಬಿಗಿಯಾಗುವುದು ಮುಂತಾದ ನಷ್ಟಗಳಿಗೆ ಅನೇಕ ವೇಳೆ ಈ ವ್ಯತ್ಯಾಸವನ್ನು ಅರಿಯದೆ ಬಟ್ಟೆ ಕತ್ತರಿಸುವುದೇ ಕಾರಣವಾಗಿರುತ್ತದೆ.

ನೂಲಿನಿಂದ

ಕೈನೂಲಿನ ಖಾದಿಯಲ್ಲಿ ಎಳೆಯ ದಪ್ಪ ಒಂದೇ ಸಮನಾಗಿರುವುದಿಲ್ಲ. ಇದನ್ನು ದೋಷವೆಂದು ಭಾವಿಸಬೇಕಾಗಿಲ್ಲ. ಇದೇ ನೋಟಕ್ಕಾಗಿ ಗಿರಣಿಗಳು ಬೇಕೆಂದೇ ದಪ್ಪ-ತೆಳುವಾದ ಸ್ಲಬ್ ನೂಲನ್ನು ತಯಾರಿಸುತ್ತವೆ. ಕ್ರೇಪ್ ಬಟ್ಟೆಯಲ್ಲಿ ನೂಲಿಗೆ ಅತಿಯಾಗಿ ಹುರಿ ಹಾಕಲಾಗಿರುತ್ತದೆ. ನೀರು ತಾಕಿದೊಡನೆ ಎಳೆಗಳು ಸುರುಳಿಗೊಂಡು ಬಟ್ಟೆ ಕುಗ್ಗುವುದರಿಂದ ಇದನ್ನು ನೆನೆಸಿ ಒಣಗಿಸದೆ ಅಳತೆ ಮಾಡಬಾರದು.

ನೇಯ್ಗೆಯಿಂದ

ಸೀರ್‌ಸಕ್ಕರ್ ಬಟ್ಟೆಯಲ್ಲಿ ಹಾಸುನೂಲಿನ ಒಂದು ಪಟ್ಟಿಯನ್ನು ಬಿಗಿಯಾಗಿ, ಪಕ್ಕದ ಪಟ್ಟಿಯನ್ನು ಸಡಿಲವಾಗಿ ಬಿಟ್ಟು ನೇಯಲಾಗುತ್ತದೆ. ಸಡಿಲವಾದ ಪಟ್ಟಿ ಸುಕ್ಕುಗಟ್ಟಿ ನಿಲ್ಲುತ್ತದೆ. ಹಾಲು ಮತ್ತು ಸಕ್ಕರೆ ಎಂಬ ಅರ್ಥದ ಪಾರಸಿ ಪದದಿಂದ ಇದರ ಹೆಸರು ಬಂದಿದೆ. ಈ ಸುಕ್ಕು ಒಗೆತದಿಂದ ಅಳಿಯುವುದಿಲ್ಲ, ಇಸ್ತ್ರಿಯೂ ಬೇಕಾಗುವುದಿಲ್ಲ. ಬಟ್ಟೆ ಮೈಗೆ ಪೂರ್ತಿ ಅಂಟದಿರುವುದರಿಂದ ಬೇಸಿಗೆಯ ಉಡುಪಿಗೂ ಹಾಸಿಗೆಯ ಹೊದಿಕೆಗೂ ಸೂಕ್ತ.

ಜೇನುಗೂಡು ನೇಯ್ಗೆಯಲ್ಲಿ ಹಾಸು ಮತ್ತು ಹೊಕ್ಕಿನ ಉದ್ದನೆಯ ಎಳೆಗಳು ಚೌಕಾಕಾರದ ಗುಳಿಗಳನ್ನು ನಿರ್ಮಿಸುತ್ತವೆ. ಇದು ನೀರನ್ನು ಚೆನ್ನಾಗಿ ಹೀರುವುದರಿಂದ ಟವೆಲ್‌ಗೆ ಉತ್ತಮ. ಆದರೆ ಆ ಎಳೆಗಳು ಬಳೆ, ಉಂಗುರಗಳಿಗೆ ಸಿಕ್ಕಿ ಹೊರಬರುವ ಸಂಭವವಿದ್ದು, ಕುರ್ಚಿಯ ಹೊದಿಕೆಗೆ ಬಳಸದಿರುವುದು ಲೇಸು. ಕಾರ್ಡುರಾಯ್ ಬಟ್ಟೆಯ ರೋಮಕ್ಕೆ ದಿಕ್ಕಿದೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸದಿದ್ದರೆ ಒಂದೇ ಥಾನಿನ ಬಟ್ಟೆಯೂ ಎರಡು ಬಣ್ಣದಂತೆ ಕಾಣುತ್ತದೆ.

ಕರ್ನಾಟಕದ ಕೈಮಗ್ಗ ಪರಂಪರೆಯಲ್ಲಿಯೂ ಇಂತಹ ಬಟ್ಟೆಗಳಿವೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣದಲ್ಲಿ ಹೆಚ್ಚುವರಿ ಹಾಸುನೂಲು ಸಣ್ಣ ಹೂಬುಟ್ಟಿಗಳನ್ನು ಎತ್ತಿ ತೋರಿಸುತ್ತದೆ. ಮೂಲತಃ ಕುಪ್ಪಸದ ಬಟ್ಟೆಯಾದುದರಿಂದ ಪನ್ನ ಕಡಿಮೆ. ಪರದೆಗೆ ಜೋಡಿಸಿ ಹೊಲಿಯಬೇಕಾಗುತ್ತದೆ. ಹಾಸಿನಲ್ಲಿ ರೇಷ್ಮೆ ಇದ್ದಲ್ಲಿ ಅದನ್ನು ಶುದ್ಧ ಹತ್ತಿಯಂತೆ ಒಗೆಯಬಾರದು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನಗಳನ್ನು ಮಹಿಳೆಯರು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುತ್ತಾರೆ. ಹೊಕ್ಕಿನ ಎಳೆಗಳನ್ನು ಪಂಜದಿಂದ ಬಿಗಿಯಾಗಿ ಬಡಿದು ಕೂಡಿಸುವುದರಿಂದ ಅವು ನೆಲಹಾಸಿಗೆ ತಕ್ಕ ದಪ್ಪವನ್ನು ಪಡೆಯುತ್ತವೆ. ಈ ಜಮಖಾನಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ.

ಸಂಸ್ಕರಣೆಯಿಂದ

ಪ್ಲಿಸ್ಸೆ ಬಟ್ಟೆಗೆ ಅಲ್ಲಲ್ಲಿ ಕಾಸ್ಟಿಕ್ ಸೋಡಾ ಹಚ್ಚಿ, ಆ ಭಾಗವನ್ನು ಕುಗ್ಗಿಸಿ ಸುಕ್ಕು ಮೂಡಿಸಲಾಗುತ್ತದೆ. ನೋಟಕ್ಕೆ ಸೀರ್‌ಸಕ್ಕರನ್ನು ಹೋಲುವ ಇದರ ಸುಕ್ಕು ಬಿಸಿ ಇಸ್ತ್ರಿಯಿಂದ ಚಪ್ಪಟೆಯಾಗಬಹುದು. ಬಿಸಿ ರೋಲರಿನಿಂದ ಒತ್ತಿದ ವಿನ್ಯಾಸವು ರಾಳದ ಲೇಪನವಿಲ್ಲದಿದ್ದಲ್ಲಿ ನೀರಿನಲ್ಲಿ ಅಳಿಸಿಹೋಗುತ್ತದೆ.

ಕತ್ತರಿಸುವ ಮುನ್ನ

ಸಾಧ್ಯವಾದಲ್ಲಿ ಮೊದಲು ಸ್ವಲ್ಪ ಬಟ್ಟೆಯನ್ನಷ್ಟೇ ಖರೀದಿಸಿ, ಅದರ ಮೇಲೆ ಹಾಸು ಮತ್ತು ಹೊಕ್ಕಿನ ದಿಕ್ಕಿನಲ್ಲಿ 20 ಸೆಂ.ಮೀ. ಗೆರೆಗಳನ್ನು ಎಳೆದು, ಮನೆಯಲ್ಲಿ ಒಗೆಯುವ ರೀತಿಯಲ್ಲಿಯೇ ಒಗೆದು ಒಣಗಿಸಬೇಕು. ಗೆರೆ 19 ಸೆಂ.ಮೀ.ಗೆ ಇಳಿದರೆ ಕುಗ್ಗುವಿಕೆ ಶೇ. 5. ಆಗ ಮಡಿಕೆ ಸೇರಿ 228 ಸೆಂ.ಮೀ. ಬೇಕಾದ ಪರದೆಗೆ 240 ಸೆಂ.ಮೀ. ಬಟ್ಟೆ ಕೊಳ್ಳಬೇಕು. ಪೂರ್ತಿ ಬಟ್ಟೆಯನ್ನು ಒಗೆದು ಒಣಗಿಸಿದ ನಂತರವೇ ಕತ್ತರಿಸುವುದು ಕ್ಷೇಮ. ಲೈನಿಂಗ್ ಬಟ್ಟೆಯನ್ನೂ ಮರೆಯದೆ ಒಗೆಯಬೇಕು. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಪರದೆಯ ಅಂಚು ಸೊಟ್ಟಗಾಗುತ್ತದೆ. 2006ರಲ್ಲಿ ಜಾರಿಗೆ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆಯು ಕೈಮಗ್ಗದ್ದೆಂಬುದನ್ನು ತಿಳಿಸುತ್ತದೆಯೇ ಹೊರತು ಅದು ಎಷ್ಟು ಕುಗ್ಗುತ್ತದೆಂಬುದನ್ನಲ್ಲ.

ಉಬ್ಬಿದ ಮೇಲ್ಮೈಯ ಬಟ್ಟೆಯನ್ನು ಹೊಲಿಯುವಾಗ ಎಳೆದು ಹಿಡಿಯದೆ, ಹೊಲಿಗೆಯನ್ನು ತುಸು ಉದ್ದವಾಗಿಸಿಕೊಳ್ಳಬೇಕು. ಇಸ್ತ್ರಿ ಅಗತ್ಯವಾದಲ್ಲಿ ಬಟ್ಟೆಯನ್ನು ಟರ್ಕಿ ಟವೆಲಿನ ಮೇಲೆ ಮಗುಚಿ ಹಾಸಿ, ಒಳಭಾಗದಿಂದ ಹಗುರವಾಗಿ ಒತ್ತಬೇಕು.