ಕೊಳೆಯದ ಬಲೆ

ಕರಾವಳಿ ಕರ್ನಾಟಕದ ಮರಳದಂಡೆಯಲ್ಲಿ ಒಂದು ಕಾಲಕ್ಕೆ ರಂಪಣಿ ಬಲೆಯದೇ ದರ್ಬಾರು. ಬೂತಾಯಿ, ಬಂಗುಡೆಯ ಹಿಂಡು ಕಂಡೊಡನೆ ದೋಣಿ ಹೊರಟು ಬಲೆ ಸುತ್ತಿಸಿ ಬರುತ್ತಿತ್ತು. ದಡದಲ್ಲಿ ಹತ್ತಾರು ಜನ ಎರಡೂ ತುದಿ ಹಿಡಿದು ಎಳೆಯುತ್ತಿದ್ದರು.

ಆಗಿನ ಹತ್ತಿ, ನಾರಿನ ಬಲೆಗಳ ಆರೈಕೆಯೇ ದೊಡ್ಡ ರಗಳೆ. ಒದ್ದೆಯಾಗಿ ಬಿಟ್ಟರೆ ಕೊಳೆತುಹೋಗುತ್ತಿದ್ದವು. ಮರದ ತೊಗಟೆ ಬೇಯಿಸಿ, ಆ ಒಗರು ನೀರಿನಲ್ಲಿ ಅದ್ದಿ, ಬಿಸಿಲಿಗೆ ಹರಡಬೇಕು. ಕೆಲ ದಿನ ಕಳೆದರೆ ಮತ್ತೆ ಅದೇ ಕೆಲಸ. ಕಡಲಲ್ಲಿ ಕಳೆದುಹೋದ ತುಂಡು ಮಾತ್ರ ತಾನಾಗಿಯೇ ಮಣ್ಣಾಗುತ್ತಿತ್ತು.

1935ರಲ್ಲಿ ಅಮೆರಿಕದ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ನೈಲಾನ್, ಕೆಲ ದಶಕಗಳಲ್ಲಿ ಇಲ್ಲಿಗೂ ಬಂದು ಈ ರಗಳೆ ತಪ್ಪಿಸಿತು. ಹಗುರ, ಗಟ್ಟಿ, ಕೊಳೆಯುವುದಿಲ್ಲ. ನೈಲಾನ್ ಒಪ್ಪಿಕೊಂಡರೆಂದು ಮೀನುಗಾರರನ್ನು ದೂರುವುದು ಸುಲಭ; ತೊಗಟೆ ಬೇಯಿಸಿ ಬೇಸತ್ತವರು ಬೇಡವೆನ್ನುತ್ತಿದ್ದರೇ? 1970ರ ದಶಕದಲ್ಲಿ, ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಪರ್ಸೀನ್ ದೋಣಿಗಳು ಬಂದು ರಂಪಣಿ ಮೂಲೆ ಸೇರಿತು.

ಕೊಳೆಯದ ಆ ಗುಣವೇ ಈಗ ಕಂಟಕ.

ಹರಿದು ತೇಲುವ ಬಲೆ, ಎಳೆಯುವವರಿಲ್ಲದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಉಸಿರಿಗಾಗಿ ಮೇಲೆ ಬರಬೇಕಾದ ಕಡಲಾಮೆ ಅದರಲ್ಲಿ ಸಿಕ್ಕರೆ ಮುಳುಗಿ ಸಾಯುತ್ತದೆ. ಮಾಲ್ದೀವ್ಸ್‌ನಲ್ಲಿ 2013ರಲ್ಲಿ ಶುರುವಾದ ಆಲಿವ್ ರಿಡ್ಲೆ ಪ್ರಾಜೆಕ್ಟ್ ಇಂಥ ಆಮೆಗಳನ್ನು ಬಿಡಿಸಿ ಶುಶ್ರೂಷೆ ಮಾಡುತ್ತಿದೆ. ಆ ಹೆಸರಿನ ಆಲಿವ್ ರಿಡ್ಲೆ ಜಾತಿಯ ಆಮೆಗಳು ಹೊನ್ನಾವರ, ಕುಂದಾಪುರದ ಮರಳಿನಲ್ಲೂ ಮೊಟ್ಟೆಯಿಡುತ್ತವೆ. ಪೆಸಿಫಿಕ್ ಸಾಗರದ ಕುಖ್ಯಾತ ಕಸದ ರಾಶಿಯನ್ನು ಅಳೆದ 2018ರ ಅಧ್ಯಯನದ ಪ್ರಕಾರ, ಅಲ್ಲಿನ ಪ್ಲಾಸ್ಟಿಕ್ ತೂಕದಲ್ಲಿ ಸುಮಾರು ಶೇ. 46 ಪಾಲು ಮೀನುಬಲೆಗಳದ್ದೇ.