ಆನುವಂಶಿಕ ಕೊಲೆಸ್ಟ್ರಾಲ್: ವಂಶವಾಹಿ ಪರೀಕ್ಷೆಯನ್ನು ರೋಗಿಗಳು ಹೇಗೆ ಕಾಣುತ್ತಾರೆ?

ಮಿತವಾದ ಆಹಾರ, ಪ್ರತಿದಿನ ನಡಿಗೆ, ತೆಳ್ಳನೆಯ ಮೈಕಟ್ಟು. ಆದರೂ ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಪ್ರಮಾಣ 300ನ್ನು ದಾಟಿರುತ್ತದೆ. ಇಂಥವರಿಗೆ ನೆಂಟರಿಷ್ಟರಿಂದ ಸಿಗುವ ಉಪದೇಶ ಒಂದೇ: 'ಎಣ್ಣೆ, ತುಪ್ಪ ಬಿಡಿ'. ಬಿಟ್ಟ ಮೇಲೂ ಅಂಕಿ ಇಳಿಯದಿದ್ದರೆ ಕದ್ದು ತಿನ್ನುತ್ತಿರಬಹುದೆಂಬ ಗುಮಾನಿ ಬೇರೆ. ಇವರಲ್ಲಿ ಕೆಲವರಿಗೆ ಈ ತೊಂದರೆ ಹುಟ್ಟಿನಿಂದಲೇ, ತಂದೆ ಅಥವಾ ತಾಯಿಯ ಕಡೆಯಿಂದ ಬಂದಿರುತ್ತದೆ.

ವೈದ್ಯಕೀಯ ಪರಿಭಾಷೆಯಲ್ಲಿ ಇದರ ಹೆಸರು ಫೆಮಿಲಿಯಲ್ ಹೈಪರ್‌ಕೊಲೆಸ್ಟರಾಲೀಮಿಯಾ, ಸಂಕ್ಷಿಪ್ತವಾಗಿ ಎಫ್‌ಎಚ್. ಸ್ನಾಯುರಜ್ಜುಗಳ ಮೇಲಿನ ಗಂಟು, ಅಧಿಕ ಕೊಲೆಸ್ಟ್ರಾಲ್ ಮತ್ತು ಹೃದ್ರೋಗ ಒಂದೇ ಕುಟುಂಬದಲ್ಲಿ ಒಟ್ಟಾಗಿ ಹರಿದುಬರುವುದನ್ನು ನಾರ್ವೆಯ ವೈದ್ಯ ಕಾರ್ಲ್ ಮ್ಯೂಲರ್ 1938ರಲ್ಲಿ ವಿವರಿಸಿದರು. ರಕ್ತದಲ್ಲಿರುವ ಎಲ್‌ಡಿಎಲ್ ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್ ಅನ್ನು ಜೀವಕೋಶಗಳು, ಮುಖ್ಯವಾಗಿ ಯಕೃತ್ತಿನ ಕೋಶಗಳು, ವಿಶೇಷ ಗ್ರಾಹಕಗಳ ಮೂಲಕ ಒಳಗೆಳೆದುಕೊಳ್ಳುತ್ತವೆ. ಈ ಗ್ರಾಹಕವನ್ನು 1970ರ ದಶಕದಲ್ಲಿ ಪತ್ತೆಹಚ್ಚಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರ ನೊಬೆಲ್ ಪ್ರಶಸ್ತಿ ಸಂದಿತು. ಗ್ರಾಹಕಕ್ಕೆ ಸಂಬಂಧಿಸಿದ ವಂಶವಾಹಿಯಲ್ಲಿ ದೋಷವಿದ್ದರೆ ಎಲ್‌ಡಿಎಲ್ ಜನ್ಮದಿಂದಲೇ ರಕ್ತದಲ್ಲಿ ಉಳಿದು ರಕ್ತನಾಳಗಳ ಗೋಡೆಗೆ ಸೇರುತ್ತಾ ಹೋಗುತ್ತದೆ. ಚಿಕಿತ್ಸೆ ಪಡೆಯದ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿ 50 ವರ್ಷದೊಳಗೆ ಹೃದಯದ ರಕ್ತನಾಳದ ಕಾಯಿಲೆಗೆ ಗುರಿಯಾಗುತ್ತಾರೆ ಎಂಬುದು ವೈದ್ಯಲೋಕದ ಅಂದಾಜು. ಹಿಂದೆ 500 ಮಂದಿಯಲ್ಲಿ ಒಬ್ಬರಿಗೆ ಈ ದೋಷವಿದೆ ಎನ್ನಲಾಗುತ್ತಿತ್ತು. ಈಗ ಸುಮಾರು 250ರಲ್ಲಿ ಒಬ್ಬರು ಎಂದು ಲೆಕ್ಕಹಾಕಲಾಗಿದೆ.

ಹಾಗಿದ್ದರೆ ರಕ್ತದ ವರದಿಯೊಂದೇ ಸಾಲದೆ, ವಂಶವಾಹಿ ಪರೀಕ್ಷೆ ಏಕೆ ಬೇಕು? ರೋಗಿಗಳು ಕೇಳುವ ಮೊದಲ ಪ್ರಶ್ನೆಯೂ ಇದೇ. ಅದು ನ್ಯಾಯವಾದ ಪ್ರಶ್ನೆ. ಏಕೆಂದರೆ ಮಾತ್ರೆಯ ಚೀಟಿ ಬರೆಯಲು ವೈದ್ಯರಿಗೆ ಎಲ್‌ಡಿಎಲ್ ಪ್ರಮಾಣ, ಕುಟುಂಬದ ಇತಿಹಾಸ, ಹಿಮ್ಮಡಿಯ ಹಿಂಭಾಗದ ಗಂಟು ಮುಂತಾದ ಲಕ್ಷಣಗಳೇ ಬಹುಮಟ್ಟಿಗೆ ಸಾಕು. ಪರೀಕ್ಷೆಯ ನಿಜವಾದ ಉಪಯೋಗ ಕುಟುಂಬದ ಉಳಿದವರಿಗೆ. ದೋಷ ಯಾವುದೆಂದು ಒಬ್ಬರಲ್ಲಿ ಖಚಿತವಾದರೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಇದೆಯೇ ಇಲ್ಲವೇ ಎಂದು ನೇರವಾಗಿ ಹೇಳಬಹುದು. ಪ್ರತಿ ಮಗುವಿಗೂ ಅದು ದಾಟಿಬರುವ ಸಂಭವ ಶೇ 50. ಆದರೆ ಲಕ್ಷಣಗಳೆಲ್ಲ ಇದ್ದೂ ದೋಷ ಪತ್ತೆಯಾಗದ ರೋಗಿಗಳೂ ಇದ್ದಾರೆ. ಅಂಥವರು 'ನನಗೇನೂ ಇಲ್ಲ' ಎಂದು ಔಷಧ ನಿಲ್ಲಿಸಿದರೆ ಅಪಾಯ ತಪ್ಪದು.

ಸಮಾಧಾನವೇ, ಆತಂಕವೇ?

'ಹಣೆಬರಹ' ಎಂದು ತಿಳಿದು ರೋಗಿಗಳು ಕೈಚೆಲ್ಲಿ ಕೂರಬಹುದೆಂಬ ಅಳುಕು ವೈದ್ಯರಲ್ಲಿ ಬಹುಕಾಲ ಇತ್ತು. ಬ್ರಿಟನ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರಿಶೀಲಿಸಿತು. ಕೊಲೆಸ್ಟ್ರಾಲ್ ತಮ್ಮ ಹತೋಟಿಯಲ್ಲಿದೆ ಎಂಬ ರೋಗಿಗಳ ಭಾವನೆ ವಂಶವಾಹಿ ಪರೀಕ್ಷೆಯ ಫಲಿತಾಂಶದಿಂದ ಕುಗ್ಗಲಿಲ್ಲ. ಆದರೆ ಪಥ್ಯದಿಂದ ಪ್ರಯೋಜನವಿದೆ ಎಂಬ ನಂಬಿಕೆ ತುಸು ಕಡಿಮೆಯಾಯಿತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ತಂದೆ, ದೊಡ್ಡಪ್ಪ ನಲವತ್ತರ ಆಸುಪಾಸಿನಲ್ಲೇ ತೀರಿಕೊಂಡದ್ದನ್ನು ಕಂಡ ಮನೆಯವರಿಗೆ ಪ್ರಯೋಗಾಲಯದ ಕಾಗದ ಹೊಸ ಸುದ್ದಿಯಲ್ಲ. 'ನನ್ನ ತಪ್ಪಲ್ಲ' ಎಂಬ ಸಮಾಧಾನವನ್ನು ಅನೇಕರು ಹೇಳಿಕೊಳ್ಳುತ್ತಾರೆ. ಅದರ ಬೆನ್ನಿಗೇ ಮಕ್ಕಳಿಗೆ ತಾನೇ ದಾಟಿಸಿದೆ ಎಂಬ ಕೊರಗೂ ಬರುತ್ತದೆ.

ಅತ್ಯಂತ ಕಠಿಣವಾದುದು ಬಂಧುಗಳಿಗೆ ತಿಳಿಸುವ ಕೆಲಸ. ನೆದರ್‌ಲ್ಯಾಂಡ್ಸ್ 1994ರಿಂದ 2013ರವರೆಗೆ ನಡೆಸಿದ ರಾಷ್ಟ್ರೀಯ ಯೋಜನೆಯಲ್ಲಿ ರೋಗಿಯ ಒಪ್ಪಿಗೆ ಪಡೆದು, ತರಬೇತಾದ ಸಿಬ್ಬಂದಿಯೇ ಬಂಧುಗಳ ಮನೆಗೆ ಹೋಗಿ ರಕ್ತದ ಮಾದರಿ ಸಂಗ್ರಹಿಸುತ್ತಿದ್ದರು. ಹೀಗೆ 25 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ದೋಷ ಪತ್ತೆಯಾಯಿತು. ಇಂಥ ವ್ಯವಸ್ಥೆ ಇಲ್ಲದ ಕಡೆ ಹೊರೆ ರೋಗಿಯ ತಲೆಯ ಮೇಲೆಯೇ. ಆಸ್ತಿ ವ್ಯಾಜ್ಯದಿಂದ ಮಾತು ಬಿಟ್ಟ ಅಣ್ಣನಿಗೆ, ಮಗಳ ಮದುವೆ ಮಾತುಕತೆಯಲ್ಲಿರುವ ಅಕ್ಕನಿಗೆ ಇದನ್ನು ಹೇಳುವುದು ಹೇಗೆ? ನಮ್ಮಲ್ಲಂತೂ ಮದುವೆಯ ಅಳುಕು ಸಣ್ಣದಲ್ಲ. ಆದರೆ ಮುಚ್ಚಿಟ್ಟರೆ ನಷ್ಟ ಹೆಚ್ಚು. ಸೋದರಮಾವ, ಅತ್ತೆಯ ಮಕ್ಕಳೊಂದಿಗೆ ಮದುವೆಯ ರೂಢಿಯಿರುವ ದಕ್ಷಿಣ ಭಾರತದ ಕುಟುಂಬಗಳಲ್ಲಿ ಪತಿ-ಪತ್ನಿ ಇಬ್ಬರಿಗೂ ಒಂದೇ ದೋಷ ಬಂದಿರುವ ಸಾಧ್ಯತೆ ಹೆಚ್ಚು. ಹಾಗಾದಲ್ಲಿ ಪ್ರತಿ ಮಗುವಿಗೂ ದೋಷ ಎರಡೂ ಕಡೆಯಿಂದ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ತೀವ್ರ ರೂಪದಲ್ಲಿ ಬಾಲ್ಯ ಅಥವಾ ಹದಿಹರೆಯದಲ್ಲೇ ಹೃದ್ರೋಗ ಕಾಣಿಸಿಕೊಳ್ಳಬಹುದು.

ತಾಯ್ತಂದೆಯರ ಇಕ್ಕಟ್ಟು ಬೇರೆ ಬಗೆಯದು. ಆಡಿಕೊಂಡಿರುವ ಮಗುವಿಗೆ ದಿನವೂ ಮಾತ್ರೆ ಕೊಡಲು ಮನಸ್ಸು ಒಪ್ಪುವುದಿಲ್ಲ. ತಂದೆ ಅಥವಾ ತಾಯಿಗೆ ಎಫ್‌ಎಚ್ ಇದ್ದರೆ ಮಗುವಿಗೆ 10 ವರ್ಷ ತುಂಬುವುದರೊಳಗೆ ಪರೀಕ್ಷಿಸಬೇಕೆಂದು ಬ್ರಿಟನ್‌ನ ಮಾರ್ಗಸೂಚಿ ಹೇಳುತ್ತದೆ. ಸ್ಟಾಟಿನ್ ಮಾತ್ರೆಯನ್ನು ಸಾಮಾನ್ಯವಾಗಿ 8ರಿಂದ 10ರ ವಯಸ್ಸಿನಲ್ಲಿ ಆರಂಭಿಸಲಾಗುತ್ತದೆ. ಗರ್ಭ ಧರಿಸಲು ಬಯಸುವ ಯುವತಿಯರು ಈ ಮಾತ್ರೆಯನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗುವುದರಿಂದ, ವಿಷಯ ಮೊದಲೇ ತಿಳಿದಿದ್ದರೆ ವೈದ್ಯರೊಂದಿಗೆ ಚರ್ಚಿಸಲು ಸಮಯ ಸಿಗುತ್ತದೆ.

ವಿಮೆಯ ಚಿಂತೆ

ಫಲಿತಾಂಶ ವಿಮಾ ಕಂಪನಿಯ ಕೈಸೇರಿದರೆ ಗತಿಯೇನು ಎಂಬ ಭಯ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ 2008ರ ಕಾನೂನು ಆರೋಗ್ಯ ವಿಮೆ ಮತ್ತು ಉದ್ಯೋಗದಲ್ಲಿ ವಂಶವಾಹಿ ಆಧಾರಿತ ತಾರತಮ್ಯವನ್ನು ನಿಷೇಧಿಸುತ್ತದೆ. ಆದರೆ ಜೀವವಿಮೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಭಾರತದಲ್ಲಿ 2018ರಲ್ಲಿ ಹೃದ್ರೋಗಿಯೊಬ್ಬರ ಪ್ರಕರಣದ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್, ಆನುವಂಶಿಕ ಕಾಯಿಲೆಗಳನ್ನು ಸಾರಾಸಗಟಾಗಿ ಹೊರಗಿಡುವ ಆರೋಗ್ಯ ವಿಮೆಯ ಷರತ್ತನ್ನು ತಾರತಮ್ಯವೆಂದು ಹೇಳಿತು. ಪಾಲಿಸಿ ಮಾಡಿಸುವ ಮೊದಲು ಷರತ್ತುಗಳನ್ನು ಓದುವುದು ಇಲ್ಲೂ ಅನಿವಾರ್ಯ.

ಪರೀಕ್ಷೆಗೆ ಮುನ್ನ ಆಪ್ತಸಮಾಲೋಚಕರು ಅಥವಾ ವೈದ್ಯರೊಂದಿಗೆ ಮಾತನಾಡಿ, ಯಾವ ವಂಶವಾಹಿಗಳನ್ನು ನೋಡಲಾಗುತ್ತದೆ, ಫಲಿತಾಂಶ ಅಸ್ಪಷ್ಟವಾದರೆ ಮುಂದೇನು ಎಂದು ಕೇಳಿಕೊಳ್ಳಬೇಕು. ದೋಷ ದೃಢಪಟ್ಟರೆ ಅದರ ನಿಖರ ಹೆಸರಿರುವ ವರದಿಯ ಪ್ರತಿಯನ್ನು ಜೋಪಾನವಾಗಿಡಬೇಕು. ಬಂಧುಗಳು ಆ ಪ್ರತಿಯನ್ನು ತೋರಿಸಿದರೆ ಪ್ರಯೋಗಾಲಯ ಅದೊಂದೇ ಬದಲಾವಣೆಯನ್ನು ಹುಡುಕಿದರೆ ಸಾಕಾಗುತ್ತದೆ, ಖರ್ಚೂ ಕಡಿಮೆಯಾಗುತ್ತದೆ.