ಎಕ್ಸ್‌ಟೆನ್ಶನ್ ಬರೆಯುವುದು ಸುಲಭ, ಕಾಯುವುದು ಕಷ್ಟ: ಓಪನ್ ಸೋರ್ಸ್ ನಿರ್ವಹಣೆಯ ಒಳನೋಟ

ವೆಬ್ ಡೆವಲಪರ್‌ಗಳು ದಿನನಿತ್ಯ ಬಳಸುವ ಬ್ರೌಸರ್ ಮತ್ತು ಕೋಡ್ ಎಡಿಟರ್ ಎಕ್ಸ್‌ಟೆನ್ಶನ್‌ಗಳಲ್ಲಿ ಹಲವು ಓಪನ್ ಸೋರ್ಸ್. ಲಕ್ಷಾಂತರ ಮಂದಿ ನಂಬಿರುವ ಇಂಥ ಸಾಧನದ ಹಿಂದೆ ಕೆಲವೊಮ್ಮೆ ಬಿಡುವಿನ ವೇಳೆಯಲ್ಲಿ ದುಡಿಯುವ ಒಬ್ಬರೇ ಇರುತ್ತಾರೆ. ಅವರ ಕೆಲಸವೇನು? ಇಲ್ಲಿದೆ ವಿವರ.

ನಿಯಮ ಬದಲಾದರೆ ಕೋಡ್ ಬದಲು

2017ರ ನವೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 57 ಹಳೆಯ ಮಾದರಿಯ ಆಡ್-ಆನ್‌ಗಳನ್ನು ಕೈಬಿಟ್ಟು, ವೆಬ್‌ಎಕ್ಸ್‌ಟೆನ್ಶನ್ಸ್ ಮಾದರಿಯನ್ನಷ್ಟೇ ಉಳಿಸಿಕೊಂಡಿತು. ಕ್ರೋಮ್‌ನ ಮ್ಯಾನಿಫೆಸ್ಟ್ ವಿ3 ಹಿನ್ನೆಲೆ ಪುಟಗಳ ಬದಲು ಸರ್ವಿಸ್ ವರ್ಕರ್ ತಂದಿತು. ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸುವುದನ್ನು ನಿಷೇಧಿಸಿತು. 2024ರ ಜೂನ್‌ನಿಂದ ಹಳೆಯ ವಿ2 ಎಕ್ಸ್‌ಟೆನ್ಶನ್‌ಗಳನ್ನು ಹಂತ ಹಂತವಾಗಿ ನಿಲ್ಲಿಸಲಾಯಿತು. ಇಂಥ ಪ್ರತಿ ಬದಲಾವಣೆಗೂ ಚೆನ್ನಾಗಿ ಓಡುತ್ತಿದ್ದ ಕೋಡನ್ನೇ ಮತ್ತೆ ಬರೆಯಬೇಕಾಗುತ್ತದೆ.

ಖಾತೆಯೇ ಬೀಗದ ಕೈ

ಎಕ್ಸ್‌ಟೆನ್ಶನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ದೋಷ ತಿದ್ದಲು ಇದು ಅನುಕೂಲ, ಕಳ್ಳರಿಗೂ ಅಷ್ಟೇ ಅನುಕೂಲ. 2017ರ ಆಗಸ್ಟ್‌ನಲ್ಲಿ ಕ್ರಿಸ್ ಪೆಡೆರಿಕ್ ರೂಪಿಸಿದ 'ವೆಬ್ ಡೆವಲಪರ್' ಎಕ್ಸ್‌ಟೆನ್ಶನ್‌ಗೆ ಆದದ್ದು ಇದೇ. ಫಿಶಿಂಗ್ ಇಮೇಲ್ ಮೂಲಕ ಅವರ ಖಾತೆಯ ವಿವರ ಕದ್ದವರು, ಪುಟಗಳಿಗೆ ಜಾಹೀರಾತು ತುರುಕುವ 0.4.9 ಆವೃತ್ತಿಯನ್ನು ಬಿಡುಗಡೆ ಮಾಡಿದರು. ಕ್ರೋಮ್‌ನಲ್ಲಿ ಅದಕ್ಕೆ 10 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದರು. ಪೆಡೆರಿಕ್ 0.5 ಆವೃತ್ತಿ ತಂದು ಸರಿಪಡಿಸಿದರು. ಫೈರ್‌ಫಾಕ್ಸ್ ಆವೃತ್ತಿಗೆ ತೊಂದರೆಯಾಗಲಿಲ್ಲ. ಪಾಠ ಸರಳ: ಪ್ರಕಟಣೆಯ ಖಾತೆಗೆ ಎರಡು ಹಂತದ ದೃಢೀಕರಣ ಇರಲೇಬೇಕು.

ಕೈ ಬದಲಾದಾಗ

ದಣಿದ ನಿರ್ವಾಹಕರು ಯೋಜನೆಯನ್ನು ಬೇರೆಯವರಿಗೆ ಒಪ್ಪಿಸುವುದುಂಟು. ಬಳಸದ ಟ್ಯಾಬ್‌ಗಳನ್ನು ಮಲಗಿಸುತ್ತಿದ್ದ 'ದಿ ಗ್ರೇಟ್ ಸಸ್ಪೆಂಡರ್' 2020ರಲ್ಲಿ ಮಾರಾಟವಾಯಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಮಾಲ್‌ವೇರ್ ಎಂದು ತೆಗೆದುಹಾಕಿತು. ಮೂಲ ಕೋಡ್ ಬಹಿರಂಗವಾಗಿದ್ದರೆ ಸಾಲದು, ಅಂಗಡಿಗೆ ಹೋಗುವ ಪ್ಯಾಕೇಜ್ ಅದೇ ಕೋಡ್‌ನಿಂದ ತಯಾರಾಗಿರಬೇಕು.

ನಿಲ್ಲಿಸುವುದೂ ನಿರ್ವಹಣೆಯೇ

ವಿಎಸ್ ಕೋಡ್‌ನಲ್ಲಿ ಆವರಣ ಚಿಹ್ನೆಗಳ ಜೋಡಿಗೆ ಬಣ್ಣ ಹಚ್ಚುತ್ತಿದ್ದ 'ಬ್ರಾಕೆಟ್ ಪೇರ್ ಕಲರೈಸರ್' ದೊಡ್ಡ ಕಡತಗಳಲ್ಲಿ ನಿಧಾನವಾಗುತ್ತಿತ್ತು. ಎಡಿಟರ್‌ನ ಒಳಗಿನ ಟೋಕನ್ ಮಾಹಿತಿ ಎಕ್ಸ್‌ಟೆನ್ಶನ್‌ಗಳಿಗೆ ಸಿಗದಿರುವುದೇ ತೊಡಕಾಗಿತ್ತು. 2021ರಲ್ಲಿ ಈ ಸೌಲಭ್ಯ ಎಡಿಟರ್‌ನಲ್ಲೇ ಸೇರಿತು, ಎಕ್ಸ್‌ಟೆನ್ಶನ್ ವಿರಮಿಸಿತು. ಕೆಲಸ ಮುಗಿದಾಗ ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಿ ಬೀಗ ಹಾಕುವುದು ಒಳ್ಳೆಯ ಪದ್ಧತಿ.

ಬಳಕೆದಾರರು ಗಮನಿಸಬೇಕಾದ್ದು

* ಎಕ್ಸ್‌ಟೆನ್ಶನ್ ಕೇಳುವ ಅನುಮತಿಗಳು ಅದರ ಕೆಲಸಕ್ಕೆ ತಕ್ಕಷ್ಟೇ ಇವೆಯೇ?
* ಕೊನೆಯ ಅಪ್‌ಡೇಟ್ ಯಾವಾಗ ಬಂದಿದೆ? ಮಾಲೀಕರು ಬದಲಾಗಿದ್ದಾರೆಯೇ?
* ಬಳಸದೇ ಬಿಟ್ಟದ್ದನ್ನು ತೆಗೆದುಹಾಕಿ.
* ದೋಷ ಕಂಡರೆ ಬ್ರೌಸರ್ ಆವೃತ್ತಿ, ದೋಷ ಮರುಕಳಿಸುವ ಹಂತಗಳ ಸಮೇತ ವರದಿ ಮಾಡಿ. ಬರೀ 'ಕೆಲಸ ಮಾಡುತ್ತಿಲ್ಲ' ಎಂದರೆ ನಿರ್ವಾಹಕರ ಒಂದು ಸಂಜೆ ಹುಡುಕಾಟದಲ್ಲೇ ಕಳೆಯುತ್ತದೆ.